ಕೈಯಿಂದಲೇ ಒಂದು ಪುಟ್ಟ ಟೇಬಲ್ ಮಾಡುವುದು ಹೇಗೆ

ನಾನು ಮೊದಲು ಮಾಡಿದ ಟೇಬಲ್ ಒಂಬತ್ತೇ ತಿಂಗಳಿಗೆ ಸೀಳಿತು. ಮಧ್ಯರಾತ್ರಿ ‘ಟಪ್’ ಅಂತ ಸದ್ದು. ಎದ್ದು ದೀಪ ಹಾಕಿ ನೋಡಿದರೆ ಮೇಲ್ಹಲಗೆಯ ತುದಿಯಿಂದ ಗೇಣುದ್ದದ ಬಿರುಕು. ಮರ ಒಳ್ಳೆಯದೇ ಇತ್ತು, ಅಂಟೂ ಒಳ್ಳೆಯದೇ. ತಪ್ಪು ನನ್ನದು. ಮೇಲ್ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಸುತ್ತಲೂ ಸ್ಕ್ರೂ ಹೊಡೆದು, ಸಾಲದ್ದಕ್ಕೆ ಅಂಟನ್ನೂ ಬಳಿದು, ಇನ್ನು ಇದು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ ಅಂತ ಖುಷಿಪಟ್ಟಿದ್ದೆ. ಅಲ್ಲಾಡದ ಹಾಗೆ ಮಾಡಿದ್ದೇ ಎಡವಟ್ಟಾಗಿದ್ದು.

ಮರ ಕಡಿದು, ಸೀಳಿ, ಒಣಗಿಸಿ, ಪಾಲಿಶ್ ಹಾಕಿದರೂ ಅದು ಗಾಳಿಯಲ್ಲಿರುವ ತೇವ ಕುಡಿಯುವುದನ್ನು ನಿಲ್ಲಿಸುವುದಿಲ್ಲ. ತೇವ ಜಾಸ್ತಿಯಾದರೆ ಹಿಗ್ಗುತ್ತದೆ, ಕಡಿಮೆಯಾದರೆ ಕುಗ್ಗುತ್ತದೆ. ನೂರು ವರ್ಷದ ಹಳೇ ಮಂಚವೂ ಹೀಗೇ ಉಸಿರಾಡುತ್ತಿರುತ್ತದೆ. ಅದನ್ನು ತಡೆಯೋಕೆ ಹೋದರೆ ಮರ ಗೆಲ್ಲುತ್ತದೆ, ನೀವಲ್ಲ. ಕೆಳಗೆ ಹೇಳುವ ಅಳತೆ, ಕೂಡು, ಅಂಟು ಎಲ್ಲದರ ಹಿಂದೆ ಇರುವುದು ಈ ಒಂದೇ ವಿಷಯ.

ಮಾಡೋಣ ಅಂದುಕೊಂಡಿರುವುದು ಹಾಸಿಗೆ ಪಕ್ಕದಲ್ಲಿಡುವಂಥ ಪುಟ್ಟ ಟೇಬಲ್. ಮೇಲ್ಹಲಗೆ 450 ಮಿ.ಮೀ. ಚೌಕ, 20 ಮಿ.ಮೀ. ದಪ್ಪ. ಎತ್ತರ 550. ನಾಲ್ಕು ಕಾಲು, 40 ಮಿ.ಮೀ. ಚೌಕದವು. ಕಾಲುಗಳನ್ನು ಕೂಡಿಸುವ ನಾಲ್ಕು ಅಡ್ಡಪಟ್ಟಿ, 90 ಮಿ.ಮೀ. ಅಗಲ, 20 ದಪ್ಪ. ಡ್ರಾಯರ್ ಇಲ್ಲ. ಮೊದಲ ಸಲಕ್ಕೇ ಡ್ರಾಯರ್ ಬೇಡ, ನನ್ನ ಮಾತು ಕೇಳಿ.

ಮರ ನೋಡಿ ತರುವುದು

ಹಲಗೆಯ ಮುಖ ನೋಡಿ ಮರುಳಾಗಬೇಡಿ. ತುದಿ ನೋಡಿ. ಅಡ್ಡ ಕೊಯ್ದ ತುದಿಯಲ್ಲಿ ಬೆಳವಣಿಗೆಯ ಉಂಗುರಗಳು ಕಾಣುತ್ತವೆ, ಹಲಗೆಯ ಜಾತಕ ಇರುವುದು ಅಲ್ಲೇ. ಉಂಗುರಗಳು ಹಲಗೆಯ ದಪ್ಪಕ್ಕೆ ನೆಟ್ಟಗೆ ನಿಂತಿದ್ದರೆ ಆ ಹಲಗೆ ಕಡಿಮೆ ಆಡುತ್ತದೆ, ಸೊಟ್ಟಗಾಗುವುದೂ ಅಪರೂಪ. ಉಂಗುರಗಳು ಬಿಲ್ಲಿನ ಹಾಗೆ ಬಾಗಿ ಮಲಗಿದ್ದರೆ ಜಾಸ್ತಿ ಆಡುತ್ತದೆ, ದೋಣಿಯ ಹಾಗೆ ಬಾಗುತ್ತದೆ. ಮರದ ನಟ್ಟನಡುವಿನ ತಿರುಳು ಹಲಗೆಯೊಳಗೆ ಸಿಕ್ಕಿಕೊಂಡಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಅದು ಸೀಳದೇ ಇರುವುದಿಲ್ಲ.

ಯಾಕೆ ಹೀಗೆ ಅಂದರೆ, ಮರ ಎಲ್ಲಾ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಉದ್ದಕ್ಕೆ ಅದು ಕುಗ್ಗುವುದೇ ಇಲ್ಲ ಅಂತ ಲೆಕ್ಕ ಹಾಕಿಕೊಂಡರೂ ನಡೆಯುತ್ತದೆ. ಅಗಲಕ್ಕೆ ಮಾತ್ರ ಜೋರು. ಉಂಗುರದ ಗುಂಟ ತೇಗ ಹಸಿಯಿಂದ ಪೂರ್ತಿ ಒಣಗುವ ಹೊತ್ತಿಗೆ ಹೆಚ್ಚುಕಮ್ಮಿ ಶೇ 6ರಷ್ಟು ಕುಗ್ಗಿದರೆ, ತಿರುಳಿನಿಂದ ತೊಗಟೆಯ ಕಡೆಗೆ ಶೇ 2.5ರಷ್ಟು ಮಾತ್ರ. ಬಿಳಿ ಓಕ್ ಆದರೆ ಶೇ 10 ದಾಟುತ್ತದೆ, ಇನ್ನೊಂದು ದಿಕ್ಕಿಗೆ ಅದರ ಅರ್ಧ. ತೇಗಕ್ಕೆ ಅಷ್ಟು ಹೆಸರು ಬಂದಿರುವುದಕ್ಕೆ ಇದೂ ಒಂದು ಕಾರಣ, ಬರೀ ಗೆದ್ದಲು ಹಿಡಿಯುವುದಿಲ್ಲ ಅಂತಲ್ಲ.

ನಮ್ಮ ಟೇಬಲ್‌ಗೆ ಲೆಕ್ಕ ಹಾಕಿ ನೋಡೋಣ. ಕುಗ್ಗುವುದು ಶುರುವಾಗುವುದು ಮರದ ತೇವ ಶೇ 30ರ ಆಸುಪಾಸಿನಿಂದ ಕೆಳಗಿಳಿದ ಮೇಲೆ. ತೇವದ ಒಂದೊಂದು ಶೇಕಡವನ್ನು ಒಂದೊಂದು ಮೆಟ್ಟಿಲು ಅಂದುಕೊಂಡರೆ, ಆ 30 ಮೆಟ್ಟಿಲಿಗೆ ತೇಗ ಕುಗ್ಗುವುದು ಶೇ 6. ಮನೆಯೊಳಗೆ ಒಣ ಕಾಲಕ್ಕೂ ತೇವದ ಕಾಲಕ್ಕೂ ನಾಲ್ಕು ಮೆಟ್ಟಿಲು ವ್ಯತ್ಯಾಸ ಆಯಿತು ಅಂದುಕೊಳ್ಳಿ, ಶೇ 0.8 ಆಯಿತು. 450 ಮಿ.ಮೀ. ಅಗಲಕ್ಕೆ ಮೂರೂವರೆ ಮಿ.ಮೀ. ಓಕ್ ಆದರೆ ಆರು. ಬರೀ ಮೂರೂವರೆ ಮಿಲಿಮೀಟರಾ ಅಂತ ಅನ್ನಿಸಬಹುದು, ನನ್ನ ಟೇಬಲನ್ನು ಸೀಳಿದ್ದು ಅಷ್ಟೇ.

ಹಲಗೆ ಮನೆಗೆ ಬಂದ ದಿನವೇ ಗರಗಸ ಹಿಡಿಯಬೇಡಿ. ಟೇಬಲ್ ಎಲ್ಲಿರುತ್ತದೋ ಅಂಥದ್ದೇ ಕೋಣೆಯಲ್ಲಿ, ಹಲಗೆಗಳ ನಡುವೆ ಸಣ್ಣ ಅಡ್ಡಕಡ್ಡಿ ಕೊಟ್ಟು, ಸುತ್ತ ಗಾಳಿಯಾಡುವ ಹಾಗೆ ಪೇರಿಸಿಡಿ. ಒಂದು ಹಲಗೆಯನ್ನು ವಾರಕ್ಕೊಮ್ಮೆ ತೂಗಿ ಗೋಡೆ ಮೇಲೆ ಬರೆದುಕೊಳ್ಳಿ. ತೂಕ ಇಳಿಯುವುದು ನಿಂತಿತು ಅಂದರೆ ಮರ ಕೋಣೆಗೆ ಹೊಂದಿಕೊಂಡಿತು ಅಂತ ಅರ್ಥ. ತೇವ ಅಳೆಯುವ ಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ತಕ್ಕಡಿ ಸಾಕು. ಹಸಿ ಹಲಗೆ ತಂದಿದ್ದರೆ ಮಾತ್ರ ಕಥೆ ಬೇರೆ, ಅದನ್ನು ನೆರಳಲ್ಲಿ ಒಣಗಿಸಲು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೇ ಲೆಕ್ಕ.

ಹೊಂದಿಕೊಂಡ ಮೇಲೆ ಎಲ್ಲಾ ತುಂಡುಗಳನ್ನೂ ಬೇಕಾದ್ದಕ್ಕಿಂತ ಐದಾರು ಮಿ.ಮೀ. ದೊಡ್ಡದಾಗಿ ಒರಟಾಗಿ ಕತ್ತರಿಸಿ, ಮತ್ತೆ ನಾಲ್ಕೈದು ದಿನ ಬಿಡಿ. ದೊಡ್ಡ ಹಲಗೆಯೊಳಗೆ ಅದುಮಿಟ್ಟ ಬಿಗಿತ ಕತ್ತರಿಸಿದ ಕೂಡಲೇ ಬಿಡುಗಡೆಯಾಗಿ ತುಂಡು ಬಾಗುತ್ತದೆ. ಬಾಗುವುದಿದ್ದರೆ ಈಗಲೇ ಬಾಗಲಿ ಅಲ್ವಾ?

ಉಳಿ ಮಸೆಯುವುದು

ಇದನ್ನು ಓದದೆ ದಾಟಿ ಹೋಗುವವರು ಜಾಸ್ತಿ. ಹೋಗಬೇಡಿ. ಕೈಕೆಲಸದಲ್ಲಿ ‘ನನಗೆ ಬರಲ್ಲ’ ಅಂತ ಕೈಬಿಟ್ಟವರಲ್ಲಿ ಬಹಳಷ್ಟು ಜನರಿಗೆ ನಿಜವಾಗಿ ಇದ್ದ ತೊಂದರೆ ಮೊಂಡು ಉಳಿ.

ಬೇಕಾದ ಸಾಮಾನು ತುಂಬಾ ಏನಿಲ್ಲ. 6, 12, 20 ಮಿ.ಮೀ.ನ ಮೂರು ಉಳಿ. ಒಂದು ಉಜ್ಜುಗೊರಡು, ತೋಪಡ ಅಂತಲೂ ಕರೆಯುತ್ತಾರೆ. ಸಣ್ಣ ಹಲ್ಲಿನ ಒಂದು ಗರಗಸ. ಮೂಲೆಮಟ್ಟ, ಗೆರೆ ಎಳೆಯುವ ಗೇಜು, ಚೂಪಾದ ಚಾಕು, ಮರದ ಕೊಡತಿ. ನಾಲ್ಕು ಕ್ಲಾಂಪ್. ಮಸೆಗಲ್ಲು 1000 (ಒರಟು) ಮತ್ತು 6000 (ನಯ) ನಂಬರಿನವು.

ಹೊಸ ಉಳಿಯ ಬೆನ್ನು, ಅಂದರೆ ಚಪ್ಪಟೆ ಬದಿ, ಅಂಗಡಿಯಿಂದ ಬಂದಾಗ ಚಪ್ಪಟೆ ಇರುವುದೇ ಇಲ್ಲ. ಮೊದಲು ಅದನ್ನು ಕಲ್ಲಿನ ಮೇಲೆ ಮಲಗಿಸಿ, ತುದಿಯ ಎರಡು ಬೆರಳಗಲ ಕನ್ನಡಿಯ ಹಾಗೆ ಹೊಳೆಯುವ ತನಕ ಉಜ್ಜಿ. ಇದು ಉಳಿಗೆ ಒಂದೇ ಸಲ ಮಾಡುವ ಕೆಲಸ. ಆಮೇಲೆ ಓರೆಯ ಬದಿ. ಅದನ್ನು 25 ಡಿಗ್ರಿಗೆ ಮಸೆದು, ಕೊನೆಗೆ ತುದಿಯನ್ನಷ್ಟೇ ಸ್ವಲ್ಪ ಎತ್ತಿ 30 ಡಿಗ್ರಿಯಲ್ಲಿ ಹತ್ತು ಹದಿನೈದು ಸಲ ಎಳೆಯಿರಿ. ಸರಿಯಾಗಿ ಮಸೆದಿದ್ದರೆ ಬೆನ್ನಿನ ಕಡೆ ಬೆರಳಿಟ್ಟು ಹೊರಕ್ಕೆ ಸವರಿದಾಗ ಕೂದಲಿನಷ್ಟು ತೆಳ್ಳಗಿನ ತರಿ ಸಿಗುತ್ತದೆ. ತರಿ ತುದಿಯ ಅಗಲಕ್ಕೂ ಸಿಗಬೇಕು. ಸಿಗಲಿಲ್ಲ ಅಂದರೆ ಇನ್ನೂ ಮಸೆಯಬೇಕು, ಮುಂದಿನ ಕಲ್ಲಿಗೆ ಹೋಗಿ ಪ್ರಯೋಜನ ಇಲ್ಲ. ತರಿ ಬಂದ ಮೇಲೆ ನಯವಾದ ಕಲ್ಲಿನಲ್ಲಿ ಎರಡೂ ಬದಿ ಸವರಿ ಅದನ್ನು ತೆಗೆಯಿರಿ.

ಹರಿತ ಬಂದಿದೆಯಾ ಅಂತ ನೋಡೋಕೆ ಕೈಯ ಕೂದಲು ಬೋಳಿಸುವ ಶೋಕಿ ಬೇಡ. ಮೆತ್ತನೆಯ ಮರದ ತುಂಡೊಂದನ್ನು ನಿಲ್ಲಿಸಿ, ಅದರ ಅಡ್ಡ ಕೊಯ್ದ ತುದಿಯನ್ನು ಉಳಿಯಿಂದ ತೆಳ್ಳಗೆ ಕೆತ್ತಿ. ಮೇಲ್ಮೈ ನುಣ್ಣಗೆ ಹೊಳೆದರೆ ಆಯಿತು. ಪುಡಿಪುಡಿಯಾಗಿ ಬೆಳ್ಳಗೆ ಕಂಡರೆ ಎಳೆಗಳು ಕತ್ತರಿಸಿಲ್ಲ, ಕಿತ್ತು ಬಂದಿವೆ.

ಟೇಬಲ್ ಮುಗಿಯುವುದರೊಳಗೆ ಕಡಿಮೆ ಅಂದರೂ ಹತ್ತು ಸಲ ಮಸೆಯುತ್ತೀರಿ. ಕಲ್ಲನ್ನು ಎತ್ತಿಡಬೇಡಿ, ಬೆಂಚಿನ ಮೇಲೇ ಇರಲಿ.

ಮಟ್ಟ ಮಾಡುವುದು

ಪ್ರತಿ ತುಂಡಿಗೂ ಒಂದು ಮುಖ, ಒಂದು ಅಂಚು ಪಕ್ಕಾ ಇರಬೇಕು. ಮಿಕ್ಕ ಅಳತೆ ಪೂರಾ ಆ ಎರಡರಿಂದಲೇ. ಮೊದಲು ಹಲಗೆ ತಿರುಚಿದೆಯಾ ನೋಡಿ. ನೆಟ್ಟಗಿರುವ ಎರಡು ಪಟ್ಟಿಗಳನ್ನು ಹಲಗೆಯ ಎರಡು ತುದಿಗೆ ಅಡ್ಡಲಾಗಿ ಇಟ್ಟು, ಬಗ್ಗಿ, ಒಂದರ ಮೇಲಂಚಿನಿಂದ ಇನ್ನೊಂದನ್ನು ನೋಡಿ. ಎರಡೂ ಅಂಚು ಒಂದೇ ಗೆರೆಯಲ್ಲಿ ಕಂಡರೆ ತಿರುಚಿಲ್ಲ. ಒಂದು ಮೂಲೆ ಮೇಲೆದ್ದು ಕಂಡರೆ ಆ ಮೂಲೆಯನ್ನೂ ಅದಕ್ಕೆ ಓರೆಯಾಗಿ ಎದುರಿರುವ ಮೂಲೆಯನ್ನೂ ಇಳಿಸಬೇಕು. ಕಣ್ಣಿಗೆ ಕಾಣದ ಅರ್ಧ ಮಿ.ಮೀ. ಕೂಡ ಇಲ್ಲಿ ಸಿಕ್ಕಿಬೀಳುತ್ತದೆ.

ಉಜ್ಜುಗೊರಡನ್ನು ಎಳೆಯ ಜೊತೆಗೇ ಓಡಿಸಿ, ಬೆಕ್ಕಿನ ಮೈ ಸವರಿದ ಹಾಗೆ. ಎದುರು ಸವರಿದರೆ ಮರವೂ ಕೂದಲೆಬ್ಬಿಸುತ್ತದೆ, ಮೇಲ್ಮೈ ಚಕ್ಕೆ ಚಕ್ಕೆಯಾಗಿ ಕಿತ್ತು ಬರುತ್ತದೆ. ಎಳೆ ಯಾವ ಕಡೆ ಹತ್ತುತ್ತಿದೆ ಅನ್ನುವುದು ಹಲಗೆಯ ಪಕ್ಕದ ಅಂಚಿನಲ್ಲಿ ಕಾಣುತ್ತದೆ. ಕಾಣದಿದ್ದರೆ ಒಂದು ಸಲ ತೆಳ್ಳಗೆ ಓಡಿಸಿ ನೋಡಿ, ಸದ್ದೇ ಹೇಳುತ್ತದೆ. ಸರಿಯಾದ ಕಡೆ ‘ಸುಯ್’ ಅನ್ನುತ್ತದೆ, ತಪ್ಪು ಕಡೆ ‘ಕರ್ರ್’ ಅನ್ನುತ್ತದೆ. ಗಂಟಿನ ಸುತ್ತ ಎಳೆ ಸುತ್ತಿಕೊಂಡಿರುತ್ತದೆ, ಅಲ್ಲಿ ಯಾವ ಕಡೆಯಿಂದ ಹೋದರೂ ಕಷ್ಟ. ಅಲಗನ್ನು ಹೊಸದಾಗಿ ಮಸೆದು, ಕಾಗದದಷ್ಟು ತೆಳ್ಳಗೆ ಇಳಿಸಿ, ಓರೆಯಾಗಿ ಎಳೆಯಿರಿ.

ಒಂದು ಮುಖ ಮಟ್ಟವಾದ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಅದಕ್ಕೆ ಮೂಲೆಮಟ್ಟ ಹಿಡಿದು ಅಂಚು ಸರಿಮಾಡಿ, ಅದಕ್ಕೂ ಗುರುತು. ದಪ್ಪ ಮತ್ತು ಅಗಲದ ಗೆರೆಯನ್ನು ಗೇಜಿನಲ್ಲಿ ಈ ಎರಡರಿಂದಲೇ ಎಳೆದು, ಗೆರೆ ಮುಟ್ಟುವ ತನಕ ಉಜ್ಜಿ. ಬೆವರು ಬರುವ ಕೆಲಸ. ಮಶೀನಿನಲ್ಲಿ ಮಾಡಿಸಿ ತಂದರೂ ನಾನೇನೂ ಅನ್ನುವುದಿಲ್ಲ, ಕೂಡು ಮಾತ್ರ ಕೈಯಲ್ಲೇ ಮಾಡಿ.

ಮೇಲ್ಹಲಗೆ ಕೂಡಿಸುವುದು

450 ಮಿ.ಮೀ. ಅಗಲದ ಒಂದೇ ಹಲಗೆ ಸಿಗುವುದು ಕಷ್ಟ. ಮೂರು ಹಲಗೆ ಅಂಟಿಸೋಣ. ಉಂಗುರಗಳು ಒಂದು ಮೇಲೆ ಒಂದು ಕೆಳಗೆ ಬರುವ ಹಾಗೆ ಹಲಗೆ ಮಗುಚಿ ಇಡಬೇಕು ಅಂತ ಕೆಲವರು ಹಟ ಹಿಡಿಯುತ್ತಾರೆ. ನನಗೆ ಅದು ಅಷ್ಟು ಮುಖ್ಯ ಅನ್ನಿಸಿಲ್ಲ. ಚೆಂದದ ಮುಖ ಮೇಲೆ ಬರಲಿ, ಎಳೆ ಮೂರಕ್ಕೂ ಒಂದೇ ಕಡೆ ಓಡಲಿ, ಆಮೇಲೆ ಉಜ್ಜುವಾಗ ಸುಖ.

ಅಂಚುಗಳನ್ನು ಹೊಂದಿಸೋಕೆ ಒಂದು ಉಪಾಯ ಇದೆ. ಅಕ್ಕಪಕ್ಕ ಬರುವ ಎರಡು ಹಲಗೆಗಳನ್ನು ಪುಸ್ತಕ ಮುಚ್ಚಿದ ಹಾಗೆ ಮುಖಕ್ಕೆ ಮುಖ ಇಟ್ಟು, ಎರಡನ್ನೂ ಒಟ್ಟಿಗೆ ವೈಸ್‌ಗೆ (ಬೆಂಚಿನ ಇಕ್ಕಳಕ್ಕೆ) ಹಿಡಿದು, ಎರಡರ ಅಂಚನ್ನೂ ಒಂದೇ ಸಲ ಉಜ್ಜಿ. ನಿಮ್ಮ ಕೈ ಒಂದು ಡಿಗ್ರಿ ವಾಲಿದರೂ ಪರವಾಗಿಲ್ಲ. ಪುಸ್ತಕ ಬಿಚ್ಚಿದಾಗ ಒಂದರ ಓರೆ ಇನ್ನೊಂದರ ಓರೆಯನ್ನು ತಿಂದು ಹಾಕುತ್ತದೆ, ಮೇಲ್ಮೈ ಸಪಾಟು ಬರುತ್ತದೆ. ಕೊನೆಗೆ ನಡುವೆ ಮಾತ್ರ ಒಂದೆರಡು ತೆಳು ಸುರುಳಿ ಜಾಸ್ತಿ ತೆಗೆಯಿರಿ. ಜೋಡಿಸಿ ಬೆಳಕಿಗೆ ಹಿಡಿದರೆ ನಡುವೆ ಕೂದಲೆಳೆಯಷ್ಟು ಬೆಳಕು ಕಾಣಬೇಕು, ತುದಿಗಳು ಕಚ್ಚಿಕೊಂಡಿರಬೇಕು. ನಡುವೆ ಒಂದು ಕ್ಲಾಂಪ್ ಬಿಗಿದರೆ ಆ ಸಂದು ಮುಚ್ಚಿ, ತುದಿಗಳು ಇನ್ನೂ ಜೋರಾಗಿ ಒತ್ತಿಕೊಳ್ಳುತ್ತವೆ. ಹಲಗೆಯ ತುದಿಗಳು ಬೇಗ ಒಣಗಿ ಮೊದಲು ಬಿಡುವ ಜಾಗ, ಆದ್ದರಿಂದ ಈ ಒತ್ತಡ ಅಲ್ಲಿಗೆ ಬೇಕು.

ಬಿಳಿ ಮರದಂಟು ಸಾಕು. ತೇಗದಂಥ ಎಣ್ಣೆ ಮರ ಆದರೆ ಉಜ್ಜಿದ ದಿನವೇ ಅಂಟಿಸಿ, ಬೇಕಿದ್ದರೆ ಅಂಚನ್ನು ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ. ಬಿಗಿದಾಗ ಸಂದಿನ ಉದ್ದಕ್ಕೂ ಸಣ್ಣ ಮಣಿಗಳ ಹಾಗೆ ಅಂಟು ಹೊರಬಂದರೆ ಅಳತೆ ಸರಿ. ಧಾರೆಯಾಗಿ ಸುರಿದರೆ ಜಾಸ್ತಿಯಾಯಿತು. ಹೊರಬಂದದ್ದನ್ನು ಒದ್ದೆ ಬಟ್ಟೆಯಲ್ಲಿ ಸವರಿ ಹರಡಬೇಡಿ, ಅರ್ಧ ಗಂಟೆ ಬಿಟ್ಟು ರಬ್ಬರಿನಂತಾದಾಗ ಉಳಿಯಲ್ಲಿ ಎತ್ತಿ. ಸವರಿದ ಅಂಟು ಎಳೆಯೊಳಗೆ ಇಳಿದು, ಎಣ್ಣೆ ಹಾಕಿದ ದಿನ ಬಿಳಿ ಮಚ್ಚೆಯಾಗಿ ಹಲ್ಲು ಕಿರಿಯುತ್ತದೆ.

ಹಲಗೆಯಲ್ಲಿ ಚೆಂದದ ಒಂದು ಬಿರುಕಿದ್ದರೆ ಎಸೆಯಬೇಕಾಗಿಲ್ಲ. ಜಾರ್ಜ್ ನಕಾಶಿಮಾ ಅಂತ ಅಮೆರಿಕದಲ್ಲಿ ಒಬ್ಬರು ದೊಡ್ಡ ಕೆಲಸಗಾರರಿದ್ದರು, 1905ರಲ್ಲಿ ಹುಟ್ಟಿ 1990ರಲ್ಲಿ ತೀರಿಕೊಂಡವರು. ಅವರು ಬಿರುಕನ್ನು ಪುಟ್ಟಿ ತುಂಬಿ ಮುಚ್ಚುತ್ತಿರಲಿಲ್ಲ. ಚಿಟ್ಟೆಯ ಆಕಾರದ ಮರದ ತುಂಡನ್ನು ಬಿರುಕಿಗೆ ಅಡ್ಡಲಾಗಿ ಕೂರಿಸಿ, ಅದು ಮುಂದೆ ಓಡದ ಹಾಗೆ ಹಿಡಿಯುತ್ತಿದ್ದರು, ಅದೂ ಎಲ್ಲರಿಗೂ ಕಾಣುವ ಹಾಗೆ. ನನ್ನ ಸೀಳಿದ ಟೇಬಲ್‌ಗೂ ಆಮೇಲೆ ಅಂಥದ್ದೇ ಎರಡು ಚಿಟ್ಟೆ ಕೂರಿಸಿದೆ. ಈಗ ಬಂದವರೆಲ್ಲ ಅದನ್ನೇ ಹೊಗಳುತ್ತಾರೆ, ಏನು ಹೇಳುವುದು.

ಕೂಡು

ಕಾಲಿಗೂ ಅಡ್ಡಪಟ್ಟಿಗೂ ಇರುವ ಕೂಡು ಈ ಟೇಬಲಿನ ಪ್ರಾಣ. ಕಾಲಿನಲ್ಲಿ ಉದ್ದನೆಯ ತೂತು, ಪಟ್ಟಿಯ ತುದಿಯಲ್ಲಿ ಅದಕ್ಕೆ ಹೊಂದುವ ನಾಲಿಗೆ. ಇಂಗ್ಲಿಷಿನಲ್ಲಿ ಮಾರ್ಟೈಸ್, ಟೆನನ್ ಅನ್ನುತ್ತಾರೆ. ಈಜಿಪ್ಟಿನ ದೊರೆ ಟುಟಾಂಖಾಮುನ್‌ನ ಗೋರಿ 1922ರಲ್ಲಿ ಸಿಕ್ಕಾಗ ಅದರೊಳಗಿದ್ದ ಪೀಠೋಪಕರಣಗಳಲ್ಲೂ ಇದೇ ಕೂಡು ಇತ್ತು. ಮೂರು ಸಾವಿರ ವರ್ಷ ದಾಟಿದ ಸಾಮಾನು ಅದು. ಸ್ಕ್ರೂ ಹಾಕಿದರೆ ಆಗಲ್ವಾ ಅಂತ ಕೇಳುವವರಿಗೆ ನಾನು ಕೊಡುವ ಉತ್ತರ ಇದೇ.

ನಾಲಿಗೆಯ ದಪ್ಪ ಪಟ್ಟಿಯ ದಪ್ಪದ ಮೂರನೇ ಒಂದು ಪಾಲು ಇರಲಿ. ನಮ್ಮದು 20, ಆದ್ದರಿಂದ 6 ಮಿ.ಮೀ.ನ ಉಳಿಗೆ ಸರಿಹೊಂದುವಂತೆ 6. ಉಳಿಯ ಅಗಲವೇ ತೂತಿನ ಅಗಲ, ಅಳೆಯುವ ತಾಪತ್ರಯ ಇಲ್ಲ. ನಾಲಿಗೆಯ ಉದ್ದ 24. ಕಾಲುಗಳ ನಡುವಿನ ದೂರ 310 ಇಟ್ಟುಕೊಂಡರೆ ಪಟ್ಟಿಯ ಒಟ್ಟು ಉದ್ದ 358 ಆಯಿತು. ಕಾಲು 530 ಬೇಕು, ಆದರೆ ಈಗ 550 ಕತ್ತರಿಸಿ. ಮೇಲ್ಗಡೆ 20 ಮಿ.ಮೀ. ಕೊಂಬಿನ ಹಾಗೆ ಜಾಸ್ತಿ ಇರಲಿ. ತೂತು ಹೊಡೆಯುವಾಗ ತುದಿ ಸೀಳದಂತೆ ಅದು ಕಾಯುತ್ತದೆ, ಅಂಟಿಸಿದ ಮೇಲೆ ಕೊಯ್ದರಾಯಿತು.

ಗುರುತು ಹಾಕುವಾಗ ಪೆನ್ಸಿಲ್ ಬದಿಗಿಡಿ, ಚಾಕು ತೆಗೆದುಕೊಳ್ಳಿ. ಪೆನ್ಸಿಲ್ ಗೆರೆಗೆ ಅರ್ಧ ಮಿ.ಮೀ. ದಪ್ಪ ಇರುತ್ತದೆ. ಗೆರೆಯ ಈ ಕಡೆ ಕತ್ತರಿಸಬೇಕಾ ಆ ಕಡೆಯಾ ಅನ್ನುವುದರಲ್ಲೇ ಕೂಡು ಸಡಿಲವಾಗಿಬಿಡುತ್ತದೆ. ಚಾಕುವಿನ ಗೆರೆಗೆ ದಪ್ಪವೇ ಇಲ್ಲ. ಅದರೊಳಗೆ ಉಳಿಯ ತುದಿ ತಾನಾಗೇ ಹೋಗಿ ಕೂರುತ್ತದೆ, ‘ಕ್ಲಿಕ್’ ಅಂದ ಹಾಗೆ ಕೈಗೆ ಗೊತ್ತಾಗುತ್ತದೆ.

ನಾಲ್ಕು ಕಾಲನ್ನೂ ಒಟ್ಟಿಗೆ ಕಟ್ಟಿ, ತೂತಿನ ಮೇಲಿನ ಕೆಳಗಿನ ಗೆರೆಗಳನ್ನು ನಾಲ್ಕಕ್ಕೂ ಒಂದೇ ಏಟಿಗೆ ಎಳೆಯಿರಿ. ಕಾಲಿನ ನಿಜವಾದ ಮೇಲ್ತುದಿಯಿಂದ 15 ಮಿ.ಮೀ. ಬಿಟ್ಟು ತೂತು ಶುರು, 65 ಉದ್ದ. ಪಟ್ಟಿಯ ಕೆಳಗಡೆ 10 ಉಳಿಯುತ್ತದೆ. ಕಾಲಿನ ಹೊರಮುಖದಿಂದ 10 ಮಿ.ಮೀ. ಬಿಟ್ಟು ಗೇಜಿನಲ್ಲಿ ಉದ್ದ ಗೆರೆ. ಹೀಗೆ ಮಾಡಿದರೆ ಪಟ್ಟಿ ಕಾಲಿನ ಮುಖದಿಂದ 3 ಮಿ.ಮೀ. ಒಳಗೆ ಕೂರುತ್ತದೆ, ಆ ಸಣ್ಣ ನೆರಳಿನಿಂದಲೇ ಟೇಬಲ್‌ಗೆ ಒಂದು ಕಳೆ ಬರುತ್ತದೆ. ಸಪಾಟಾಗಿ ಕೂರಿಸಿದರೆ ಮರ ಆಡಿದಾಗ ಒಂದು ಮೇಲೆ ಒಂದು ಕೆಳಗೆ ಆಗಿ ತಪ್ಪು ಎದ್ದು ಕಾಣುತ್ತದೆ.

ತೂತು ಹೊಡೆಯೋಕೆ ಕಾಲನ್ನು ಬೆಂಚಿಗೆ ಬಿಗಿದು, ಅದರ ತುದಿಗೆ ನೇರವಾಗಿ ನಿಂತುಕೊಳ್ಳಿ. ಪಕ್ಕದಲ್ಲಿ ನಿಂತರೆ ಉಳಿ ವಾಲಿದ್ದು ಕಾಣುವುದಿಲ್ಲ. ಗೆರೆಯಿಂದ ಎರಡು ಮಿ.ಮೀ. ಒಳಗೆ ಶುರು ಮಾಡಿ, ಉಳಿ ನೆಟ್ಟಗೆ ಹಿಡಿದು ಕೊಡತಿಯಲ್ಲಿ ಒಂದು ಏಟು, ಮೂರು ಮಿ.ಮೀ. ಮುಂದೆ ಹೋಗಿ ಇನ್ನೊಂದು, ಹಾಗೇ ತುದಿಯ ತನಕ. ವಾಪಸ್ ಬರುತ್ತಾ ಚಕ್ಕೆ ಎಬ್ಬಿಸಿ. ಮತ್ತೆ ಮೊದಲಿಂದ. 25 ಮಿ.ಮೀ. ಆಳ ಆದ ಮೇಲೆ ಮಾತ್ರ ತುದಿಗಳನ್ನು ಗೆರೆಗೆ ಸರಿಯಾಗಿ ಇಳಿಸಿ. ಮೊದಲೇ ಇಳಿಸಿದರೆ ಚಕ್ಕೆ ಎಬ್ಬಿಸುವಾಗ ಉಳಿ ಊರಿ ಅಂಚು ಜಜ್ಜಿಹೋಗುತ್ತದೆ. ಉಳಿಯ ಮೇಲೆ 25ಕ್ಕೆ ಸರಿಯಾಗಿ ಒಂದು ಟೇಪ್ ಸುತ್ತಿಕೊಂಡರೆ ಆಳ ಅಳೆಯುವ ಗೋಜಿಲ್ಲ. ಒಂದೇ ಕಾಲಿನ ಎರಡು ತೂತುಗಳು ಒಳಗೆ ಮೂಲೆಯಲ್ಲಿ ಒಂದಕ್ಕೊಂದು ತಾಗುತ್ತವೆ, ಗಾಬರಿಯಾಗಬೇಡಿ. ಆ ನಾಲಿಗೆಗಳ ತುದಿಯನ್ನು 45 ಡಿಗ್ರಿ ಓರೆ ಮಾಡಿದರೆ ಸಾಕು.

ಈಗ ನಾಲಿಗೆ. ತೂತು ಮೊದಲು, ನಾಲಿಗೆ ಆಮೇಲೆ. ತೂತನ್ನು ತಿದ್ದುವುದು ಕಷ್ಟ, ನಾಲಿಗೆಯನ್ನು ಸವರುವುದು ಸುಲಭ. ಹೆಗಲಿನ, ಅಂದರೆ ನಾಲಿಗೆ ಶುರುವಾಗುವ ಜಾಗದ, ಗೆರೆಯನ್ನು ಚಾಕುವಿನಿಂದ ನಾಲ್ಕೂ ಸುತ್ತ ಎಳೆದು, ಬಿಸಾಡುವ ಬದಿಯಿಂದ ಉಳಿಯಲ್ಲಿ ಒಂದು ಓರೆ ಚಕ್ಕೆ ತೆಗೆಯಿರಿ. ಸಣ್ಣದೊಂದು ಕಾಲುವೆ ಆಗುತ್ತದೆ. ಗರಗಸವನ್ನು ಆ ಕಾಲುವೆಯೊಳಗೆ ಇಟ್ಟರೆ ಅದು ಜಾರುವುದಿಲ್ಲ, ಹೆಗಲು ಚಾಕುವಿನಲ್ಲಿ ಕೊಯ್ದಷ್ಟು ಚೊಕ್ಕ ಬರುತ್ತದೆ. ನಾಲಿಗೆಯ ಕೆನ್ನೆಗಳನ್ನು, ಅಂದರೆ ಅಗಲದ ಎರಡು ಬದಿಗಳನ್ನು, ಗೆರೆಯ ಹೊರಬದಿಗೆ ಕೊಯ್ಯಿರಿ, ಅರ್ಧ ಮಿ.ಮೀ. ಉಳಿಯಲಿ. ಆಮೇಲೆ ಅಗಲ ಉಳಿಯಲ್ಲಿ ಅಡ್ಡಡ್ಡ ಸವರುತ್ತಾ, ತೂತಿಗೆ ಇಟ್ಟು ನೋಡುತ್ತಾ ಇಳಿಸಿ.

ಎಷ್ಟು ಬಿಗಿ ಬೇಕು? ಅಂಗೈಯಲ್ಲಿ ಒತ್ತಿದರೆ ಒಳಗೆ ಹೋಗಬೇಕು, ಕಾಲು ಹಿಡಿದು ಎತ್ತಿದರೆ ಪಟ್ಟಿ ಬಿದ್ದುಹೋಗಬಾರದು. ಕೊಡತಿಯಲ್ಲಿ ಬಡಿದು ಕೂರಿಸಬೇಕಾದರೆ ಕಾಲು ಸೀಳುತ್ತದೆ, ಅದೂ ಅಂಟು ಹಚ್ಚಿದ ಮೇಲೆ ಎಲ್ಲಾ ಮುಗೀತು ಅನ್ನುವಾಗ. ಸಡಿಲವಾಯಿತಾ? ಅದೇ ಮರದ ತೆಳು ಸುರುಳಿಯನ್ನು ಕೆನ್ನೆಗೆ ಅಂಟಿಸಿ ಮತ್ತೆ ಸವರಿ. ಎಲ್ಲರೂ ಮಾಡುತ್ತಾರೆ, ಯಾರೂ ಹೇಳಿಕೊಳ್ಳುವುದಿಲ್ಲ.

ಕೂಡು ಎಲ್ಲಾ ಹೊಂದಿದ ಮೇಲೆ ಕಾಲುಗಳನ್ನು ಕೆಳಕ್ಕೆ ಸಪೂರ ಮಾಡಿ. ಪಟ್ಟಿಯಿಂದ 10 ಮಿ.ಮೀ. ಕೆಳಗೆ ಶುರುಮಾಡಿ, ಪಾದದಲ್ಲಿ 25 ಮಿ.ಮೀ. ಆಗುವ ಹಾಗೆ, ಒಳಗಿನ ಎರಡು ಮುಖಗಳಲ್ಲಿ ಮಾತ್ರ ಉಜ್ಜಬೇಕು. ಹೊರಗಿನ ಮುಖ ನೆಟ್ಟಗೇ ಇರಲಿ. ನಾಲ್ಕೂ ಕಡೆ ಸಪೂರ ಮಾಡಿದರೆ ಟೇಬಲ್ ಕಾಲು ಒಳಕ್ಕೆ ಮಡಚಿಕೊಂಡ ಹಾಗೆ ಕಾಣುತ್ತದೆ.

ಕೂಡಿಸುವ ದಿನ

ಮೊದಲು ಅಂಟಿಲ್ಲದೆ ಪೂರ್ತಿ ಜೋಡಿಸಿ, ಕ್ಲಾಂಪ್ ಹಾಕಿ, ಬಿಚ್ಚಿ. ತಮಾಷೆಗಲ್ಲ. ಅಂಟು ಹಚ್ಚಿದ ಮೇಲೆ ಹತ್ತು ನಿಮಿಷದ ಆಟ ಅಷ್ಟೇ, ಆಗ ಕ್ಲಾಂಪ್ ಹುಡುಕುತ್ತಾ ಓಡಾಡುವ ಫಜೀತಿ ಬೇಡ. ಎರಡೆರಡು ಕಾಲು ಒಂದೊಂದು ಪಟ್ಟಿ ಸೇರಿಸಿ ಎರಡು ಜೋಡಿಯನ್ನು ಮೊದಲ ದಿನ ಅಂಟಿಸಿ. ಉಳಿದೆರಡು ಪಟ್ಟಿ ಮಾರನೇ ದಿನ. ಅಂಟನ್ನು ತೂತಿನ ಗೋಡೆಗೆ ಜಾಸ್ತಿ, ನಾಲಿಗೆಗೆ ತೆಳ್ಳಗೆ ಸವರಿ. ತಳಕ್ಕೆ ಸುರಿದರೆ ಅದು ಸುಮ್ನೆ ಅಲ್ಲೇ ಇರುತ್ತದೆ, ಹಿಡಿಯುವುದಿಲ್ಲ.

ಬಿಗಿದ ಕೂಡಲೇ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡೂ ಸಮ ಇದ್ದರೆ ಚೌಕ ಸರಿ. ಇಲ್ಲದಿದ್ದರೆ ಕ್ಲಾಂಪುಗಳನ್ನು ಉದ್ದದ ಮೂಲೆಯ ಕಡೆ ಒಂದಿಷ್ಟು ಓರೆ ಮಾಡಿ ಬಿಗಿದರೆ ಸರಿಹೋಗುತ್ತದೆ.

ಮಾರನೇ ದಿನ ಕೊಂಬು ಕೊಯ್ದು, ಟೇಬಲನ್ನು ಮಟ್ಟವಾದ ಜಾಗದಲ್ಲಿ ನಿಲ್ಲಿಸಿ. ಕುಂಟುತ್ತದೆ. ಬಹುಪಾಲು ಎಲ್ಲರದ್ದೂ ಕುಂಟುತ್ತದೆ. ಎತ್ತರದಲ್ಲಿ ನಿಂತ ಕಾಲಿನ ಕೆಳಗೆ ತೆಳು ಬೆಣೆ ತೂರಿಸಿ ಅಲ್ಲಾಡದಂತೆ ಮಾಡಿ, ಒಂದು ಸಣ್ಣ ಮರದ ತುಂಡಿನ ಮೇಲೆ ಪೆನ್ಸಿಲ್ ಮಲಗಿಸಿ, ನಾಲ್ಕೂ ಕಾಲಿನ ಸುತ್ತ ಒಂದೇ ಎತ್ತರದಲ್ಲಿ ಗೆರೆ ಎಳೆದು ಕೊಯ್ಯಿರಿ. ಕಣ್ಣಳತೆಯಲ್ಲಿ ಒಂದೊಂದೇ ಕಾಲು ಕೊಯ್ಯುತ್ತಾ ಹೋದರೆ ಕೊನೆಗೆ ಮಣೆ ಉಳಿಯುತ್ತದೆ.

ಮೇಲ್ಹಲಗೆ ಕೂರಿಸುವುದು, ನಾನು ಎಡವಿದ ಜಾಗ. ಅಂಟು ಬೇಡವೇ ಬೇಡ. ಅಡ್ಡಪಟ್ಟಿಗಳ ಒಳಬದಿಯಲ್ಲಿ, ಮೇಲಂಚಿನಿಂದ 10 ಮಿ.ಮೀ. ಕೆಳಗೆ, 6 ಮಿ.ಮೀ. ಅಗಲದ ಸಣ್ಣ ಗಾಡಿಗಳನ್ನು, ಅಂದರೆ ಕಾಲುವೆಯಂಥ ಗುಳಿಗಳನ್ನು, ಉಳಿಯಲ್ಲಿ ತೋಡಿ. ಪ್ರತಿ ಪಟ್ಟಿಗೆ ಎರಡು. ಆಮೇಲೆ ಬೆರಳುದ್ದದ ಮರದ ಕೊಕ್ಕೆಗಳನ್ನು ಮಾಡಿಕೊಳ್ಳಿ. ಕೊಕ್ಕೆಯ ಮೂಗು ಗಾಡಿಯೊಳಗೆ ಹೋಗಬೇಕು, ಮೈಯನ್ನು ಮೇಲ್ಹಲಗೆಯ ತಳಕ್ಕೆ ಒಂದು ಸ್ಕ್ರೂವಿನಿಂದ ಹಿಡಿಯಬೇಕು. ಮೂಗಿನ ಮೇಲೆ 9 ಮಿ.ಮೀ. ಮಾತ್ರ ಜಾಗ ಇರುವಂತೆ ಕಚ್ಚು ತೆಗೆದರೆ, ಸ್ಕ್ರೂ ಬಿಗಿದಾಗ ಕೊಕ್ಕೆ ಹಲಗೆಯನ್ನು ಕೆಳಕ್ಕೆ ಎಳೆದು ಹಿಡಿಯುತ್ತದೆ. ಆದರೆ ಪಕ್ಕಕ್ಕೆ ಸರಿಯೋಕೆ ಬಿಡುತ್ತದೆ. ಎಳೆಯ ಗುಂಟ ಓಡುವ ಎರಡು ಪಟ್ಟಿಗಳಲ್ಲಿ ಕೊಕ್ಕೆಯ ಮೂಗಿಗೂ ಗಾಡಿಯ ತಳಕ್ಕೂ ನಡುವೆ 3 ಮಿ.ಮೀ. ಸಂದು ಬಿಡಿ. ಎಳೆಗೆ ಅಡ್ಡ ಇರುವ ಎರಡು ಪಟ್ಟಿಗಳಲ್ಲಿ ಗಾಡಿಯನ್ನೇ ಕೊಕ್ಕೆಗಿಂತ 6 ಮಿ.ಮೀ. ಉದ್ದ ಮಾಡಿ, ಕೊಕ್ಕೆ ನಡುವೆ ಕೂರಲಿ. ಇಡೀ ಹಲಗೆ ಮೂರೂವರೆ ಆಡಿದರೂ ನಡುವಿನಿಂದ ಒಂದೊಂದು ಕಡೆಗೆ ಅದರ ಅರ್ಧ ತಾನೆ, ಈ ಸಂದು ಧಾರಾಳ ಆಯಿತು.

ಎಣ್ಣೆ

ಉಜ್ಜುಗೊರಡು ಚೆನ್ನಾಗಿ ಓಡಿದ್ದರೆ ಉಪ್ಪುಕಾಗದ ಹೆಚ್ಚು ಬೇಕಾಗುವುದಿಲ್ಲ. 150, ಆಮೇಲೆ 220, ಯಾವಾಗಲೂ ಎಳೆಯ ಗುಂಟ. ಚೂಪು ಅಂಚುಗಳನ್ನೆಲ್ಲ ಒಂದು ಮಿ.ಮೀ.ನಷ್ಟು ಮುರಿಯಿರಿ, ಚೂಪು ಅಂಚಿನ ಮೇಲೆ ಯಾವ ಪಾಲಿಶೂ ನಿಲ್ಲುವುದಿಲ್ಲ. ಕೊನೆಗೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ ಒಣಗಲು ಬಿಟ್ಟರೆ ಮಲಗಿದ್ದ ಎಳೆಗಳು ಎದ್ದು ನಿಲ್ಲುತ್ತವೆ. 220ರಲ್ಲಿ ಮೆಲ್ಲಗೆ ಸವರಿ ಅವನ್ನು ಕತ್ತರಿಸಿ.

ಕುದಿಸಿದ ಅಗಸೆ ಎಣ್ಣೆಯನ್ನು (ಅಂಗಡಿಯಲ್ಲಿ ‘ಬಾಯಿಲ್ಡ್ ಲಿನ್ಸೀಡ್ ಆಯಿಲ್’ ಅಂತ ಸಿಗುವಂಥದ್ದು) ಧಾರಾಳ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು, ಮೇಲೆ ಉಳಿದದ್ದನ್ನೆಲ್ಲ ಒಣ ಬಟ್ಟೆಯಲ್ಲಿ ಒರೆಸಿಬಿಡಿ. ಒರೆಸದೆ ಬಿಟ್ಟರೆ ವಾರವಾದರೂ ಕೈಗೆ ಅಂಟುತ್ತಿರುತ್ತದೆ. ದಿನ ಬಿಟ್ಟು ಮತ್ತೊಂದು, ಹೀಗೆ ಮೂರು ನಾಲ್ಕು ಸಲ. ಮೇಲ್ಹಲಗೆಯ ತಳಕ್ಕೂ ಅಷ್ಟೇ ಸಲ ಹಚ್ಚಿ. ಕಾಣುವುದಿಲ್ಲ ಅಂತ ಬಿಟ್ಟರೆ ಒಂದು ಬದಿ ಬೇಗ ತೇವ ಕುಡಿದು, ಇನ್ನೊಂದು ಬದಿ ತಡವಾಗಿ ಕುಡಿದು, ಹಲಗೆ ಬಾಗುತ್ತದೆ. ಪೂರ್ತಿ ಒಣಗಿದ ಮೇಲೆ ಜೇನುಮೇಣ ತೆಳ್ಳಗೆ ಉಜ್ಜಿದರೆ ಮುಟ್ಟೋಕೆ ಹಿತ.

ಒರೆಸಿದ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಾಳಿ ಹೀರಿ ಒಣಗುವಾಗ ಬಿಸಿಯಾಗುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಹೋಗದೆ, ಕಡ್ಡಿ ಗೀರದೆಯೇ ಬೆಂಕಿ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಹೊರಗೆ ಒಂದೇ ಪದರವಾಗಿ ಹರವಿ ಒಣಗಿಸಿ, ಇಲ್ಲವೇ ನೀರಿನ ಬಕೆಟ್‌ಗೆ ಮುಳುಗಿಸಿ. ಕೈ ತೊಳೆಯುವ ಮೊದಲೇ ಇದನ್ನು ಮಾಡಿ.

ಆರು ತಿಂಗಳು ಬಿಟ್ಟು, ಕಾಲ ಬದಲಾದಾಗ, ಟೇಬಲನ್ನು ಮಗುಚಿ ಕೊಕ್ಕೆಗಳನ್ನು ನೋಡಿ. ಮೂಗಿನ ಪಕ್ಕ ಪಟ್ಟಿಯ ಮೇಲೆ ತಿಕ್ಕಿದ ಸಣ್ಣ ಹೊಳೆಯುವ ಗುರುತು ಕಾಣುತ್ತದೆ, ಮಿ.ಮೀ.ನಷ್ಟು ಉದ್ದ. ಹಲಗೆ ಸರಿದ ದಾರಿ ಅದು. ಸ್ಕ್ರೂ ಸಡಿಲವಾಗಿದ್ದರೆ ಕಾಲು ಸುತ್ತು ಬಿಗಿದು, ಮತ್ತೆ ನಿಲ್ಲಿಸಿ.